ಪಂಕ್ತಿಯಲ್ಲಿ ಕಲಿಯುವ ಪಾಠ

ನಾಗಪುರದ ಹೆಚ್ಚಿನ ಕಾಲೇಜುಗಳಲ್ಲಿ ಓದಿ ತೇರ್ಗಡೆಯಾದ ಹುಡುಗರ ಪದವಿಪತ್ರದ ಮೇಲೆ ಒಬ್ಬ ಸಂತರ ಹೆಸರಿರುತ್ತದೆ. 1923ರಲ್ಲಿ ಸ್ಥಾಪಿತವಾದ ಇಲ್ಲಿಯ ವಿಶ್ವವಿದ್ಯಾಲಯವು 2005ರಿಂದ ರಾಷ್ಟ್ರಸಂತ ತುಕಡೋಜಿ ಮಹಾರಾಜರ ಹೆಸರನ್ನು ಹೊತ್ತಿದೆ. ತುಕಡೋಜಿಯವರು (1909–1968) ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅಮರಾವತಿ ಜಿಲ್ಲೆಯ ಒಂದು ಹಳ್ಳಿಯ ಬಡಮನೆಯಲ್ಲಿ ಹುಟ್ಟಿ, ಖಂಜಿರ ಬಾರಿಸುತ್ತ ಊರೂರು ತಿರುಗಿ, ಎಲ್ಲ ಧರ್ಮದವರೂ ಒಂದೆಡೆ ಕುಳಿತು ಮಾಡಬಹುದಾದ ಸಾಮುದಾಯಿಕ ಪ್ರಾರ್ಥನೆಯನ್ನು ರೂಢಿಗೆ ತಂದವರು. ಗ್ರಾಮಗೀತೆ ಎಂಬ ತಮ್ಮ ಗ್ರಂಥದಲ್ಲಿ ಊರಿನ ನೈರ್ಮಲ್ಯ, ಉದ್ಯೋಗ, ಶಿಕ್ಷಣ, ಒಗ್ಗಟ್ಟು ಇವುಗಳನ್ನೇ ಧರ್ಮದ ವಿಷಯವೆಂದು ತಿಳಿದು ಬರೆದವರು. ಶಾಲೆಯನ್ನು ಹೆಚ್ಚು ಕಾಣದ ಒಬ್ಬ ಭಜನಕಾರರ ಹೆಸರನ್ನು ವಿದ್ಯೆಯ ದೊಡ್ಡ ಮನೆಯೊಂದು ಇಟ್ಟುಕೊಂಡಿದೆಯೆಂದರೆ, ಪರೀಕ್ಷೆಯ ಗುಣಗಳಿಗೆ ಸಿಕ್ಕದ ಒಂದು ವಿದ್ಯೆಯೂ ಉಂಟೆಂದು ಅದು ಒಪ್ಪಿಕೊಂಡಂತಾಯಿತಲ್ಲವೆ?

ಆ ವಿದ್ಯೆ ಯಾವುದು, ಕಾಲೇಜು ಓದುವ ತರುಣರಿಗೆ ಅದು ಹೇಗೆ ಬರುತ್ತದೆ, ಊರು ಬಿಟ್ಟು ಬಂದು ಕಾರಖಾನೆಯಲ್ಲಿ, ಕಚೇರಿಯಲ್ಲಿ ದುಡಿಯುವ ನಮ್ಮಂಥವರಿಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಸೇವೆ, ನಾಯಕತ್ವ, ಆತಿಥ್ಯ ಎಂಬ ಮೂರು ಮಾತುಗಳನ್ನು ವಿದ್ಯಾರ್ಥಿಗಳ ಸಭೆಗಳಲ್ಲಿ ಬೇರೆ ಬೇರೆಯಾಗಿ ಕೇಳುತ್ತೇವೆ. ಸೇವೆಗೊಂದು ದಿನ, ನಾಯಕತ್ವಕ್ಕೊಂದು ಭಾಷಣ. ಆತಿಥ್ಯವಂತೂ ಮನೆಯ ಹೆಂಗಸರ ಪಾಲಿನ ಕೆಲಸವೆಂದು ಬಿಟ್ಟುಬಿಡುವುದು ವಾಡಿಕೆ. ನಮಗೆ ತೋರುವುದೇನೆಂದರೆ, ಈ ಮೂರೂ ಒಂದೇ ಪಾಠದ ಮೂರು ಪುಟಗಳು. ಈ ಪಾಠ ನಡೆಯುವುದು ಊಟದ ಪಂಕ್ತಿಯಲ್ಲಿ. ಈ ಪಾಠದ ಅರ್ಧವನ್ನು ಎಲ್ಲರೂ ಬಲ್ಲರು: ಹಸಿದವರಿಗೆ ಬಡಿಸಬೇಕು. ಉಳಿದ ಅರ್ಧವನ್ನು ಮರೆಯುವವರೇ ಹೆಚ್ಚು: ಇನ್ನೊಬ್ಬರ ಕೈಯಿಂದ ಉಣ್ಣುವುದನ್ನೂ ಕಲಿಯಬೇಕು.

ವಾರಾನ್ನದ ಕಾಲ

ನಮ್ಮ ಅಜ್ಜಂದಿರ ಕಾಲದಲ್ಲಿ ಬಡ ಹುಡುಗನೊಬ್ಬ ಓದಬೇಕಾದರೆ ವಾರಾನ್ನವೇ ಗತಿಯಾಗಿತ್ತು. ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ ಉಂಡು, ರಾತ್ರಿ ಗುಡಿಯ ಜಗಲಿಯಲ್ಲೋ ಬೀದಿಯ ದೀಪದ ಕೆಳಗೋ ಓದುವುದು. ಮರಾಠಿಯವರಲ್ಲಿಯೂ ಈ ಪದ್ಧತಿ ಇತ್ತು. ಅವರೂ ಅದನ್ನು ‘ವಾರ’ ಎಂದೇ ಕರೆಯುತ್ತಿದ್ದರು. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಹುಡುಗನಿಗೆ ಉಪವಾಸ. ಹೀಗೆ ಓದಿ ಗುಮಾಸ್ತರಾದವರು, ಮಾಸ್ತರರಾದವರು, ವಕೀಲರಾದವರು ನಮ್ಮ ನಾಡಿನಲ್ಲಿ ಅಸಂಖ್ಯಾತ.

ವಾರಾನ್ನದಲ್ಲಿ ಒಂದು ದೊಡ್ಡ ಗುಣವಿತ್ತು. ಉಣ್ಣುವವನಿಗೆ ಉಣಿಸುವವರ ಮುಖ ಗೊತ್ತಿತ್ತು. ಯಾವ ತಾಯಿ ಒಂದು ಸೌಟು ಹೆಚ್ಚು ಹಾಕುತ್ತಾಳೆ, ಯಾವ ಮನೆಯಲ್ಲಿ ಈ ತಿಂಗಳು ಕಷ್ಟವಿದೆ ಎಂಬುದೆಲ್ಲ ಅವನಿಗೆ ತಿಳಿಯುತ್ತಿತ್ತು. ಆದರೆ ಅದರ ದೋಷವೂ ಅಷ್ಟೇ ದೊಡ್ಡದು. ಜಾತಿಯ ಹುಡುಗನಿಗೆ ಜಾತಿಯ ಮನೆ. ಊರಿನಲ್ಲಿ ತನ್ನವರ ಮನೆ ಇಲ್ಲದವನಿಗೆ, ಇದ್ದರೂ ಆ ಮನೆಯಲ್ಲೇ ಅನ್ನವಿಲ್ಲದವನಿಗೆ ವಾರವೂ ಇಲ್ಲ, ವಿದ್ಯೆಯೂ ಇಲ್ಲ. ಹಸಿವೆಗೆ ಜಾತಿಯಿಲ್ಲದಿದ್ದರೂ ಅನ್ನಕ್ಕೆ ಜಾತಿಯಿತ್ತು.

ಕೊಲ್ಹಾಪುರದಿಂದ ಸಾತಾರೆಗೆ

ಈ ದೋಷಕ್ಕೆ ಮದ್ದು ಹುಡುಕಿದವರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಮೊದಲಿಗರು. 1901ರಿಂದ ಮುಂದೆ ಅವರು ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ, ಅಸ್ಪೃಶ್ಯರೆಂದು ದೂರವಿಟ್ಟಿದ್ದವರಿಗೆ ಹೀಗೆ ಒಂದೊಂದು ಸಮಾಜಕ್ಕೆ ಒಂದೊಂದು ವಿದ್ಯಾರ್ಥಿನಿಲಯ ಏಳುವಂತೆ ನೆರವಾದರು. ಗಡಿಯ ಕನ್ನಡ ಹುಡುಗರೂ ಅವುಗಳ ಉಪಯೋಗ ಪಡೆದರು. ಸೂರಿಲ್ಲದವನಿಗೆ ಸೂರು ಸಿಕ್ಕಿತು. ಆದರೆ ಸೂರುಗಳು ಬೇರೆ ಬೇರೆಯಾಗಿಯೇ ಉಳಿದವು.

ಆ ನಿಲಯಗಳಲ್ಲೊಂದಾದ ಜೈನ ಬೋರ್ಡಿಂಗಿನಲ್ಲಿ ಭಾವುರಾವ್ ಪಾಟೀಲ ಎಂಬ ಹುಡುಗನಿದ್ದ. ಹುಟ್ಟಿದ್ದು 1887ರಲ್ಲಿ, ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ. ಪೂರ್ವಿಕರು ನಮ್ಮ ಮೂಡಬಿದಿರೆಯ ಕಡೆಯಿಂದ ಬಂದವರೆಂದು ಹೇಳುತ್ತಾರೆ. 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ತೆರೆದ ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಈತ ಹೋಗಿಬಂದ. ಸ್ನಾನಮಾಡಿ ಶುದ್ಧನಾಗಿ ಊಟದ ಮನೆಗೆ ಬಾ ಎಂದರು. ಮನುಷ್ಯರ ನಡುವೆ ಕುಳಿತು ಬಂದುದಕ್ಕೆ ಸ್ನಾನವೇಕೆಂದು ಆತ ಒಪ್ಪಲಿಲ್ಲ. ನಿಲಯದಲ್ಲಿ ಇದ್ದ ಜಾಗ ಹೋಯಿತು. ಅವರ ಚರಿತ್ರೆ ಬರೆದವರು ಹೇಳುವ ಈ ಸಂಗತಿ ಚಿಕ್ಕದು. ಆದರೆ ಮುಂದಿನದೆಲ್ಲಕ್ಕೂ ಇದೇ ಬೀಜ.

ಮುಂದೆ 1919ರಲ್ಲಿ ಭಾವುರಾವರು ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. 1924ರಲ್ಲಿ ಸಾತಾರೆಯಲ್ಲಿ ಒಂದು ಬೋರ್ಡಿಂಗು ತೆರೆದರು. ಇಲ್ಲಿ ಜಾತಿಗೊಂದು ಕೋಣೆ ಇರಲಿಲ್ಲ. ಮರಾಠ, ಮಹಾರ, ಮಾಂಗ, ಜೈನ, ಮುಸಲ್ಮಾನ ಎಲ್ಲ ಹುಡುಗರಿಗೂ ಒಂದೇ ಅಡಿಗೆಮನೆ, ಒಂದೇ ಪಂಕ್ತಿ. ನೀರು ತರುವುದು, ಅಡಿಗೆ ಮಾಡುವುದು, ಬಡಿಸುವುದು, ಕಸ ಗುಡಿಸುವುದು ಎಲ್ಲವೂ ಹುಡುಗರ ಕೆಲಸ. 1927ರಲ್ಲಿ ಗಾಂಧೀಜಿಯವರು ಅಲ್ಲಿಗೆ ಬಂದು ನೋಡಿ, ಆ ಮನೆಗೆ ಛತ್ರಪತಿ ಶಾಹು ಬೋರ್ಡಿಂಗ್ ಎಂದು ನಾಮಕರಣ ಮಾಡಿದರು.

ಈ ಕಥೆಯಲ್ಲಿ ಭಾವುರಾವರ ಪತ್ನಿ ಲಕ್ಷ್ಮೀಬಾಯಿಯವರನ್ನು ಮರೆಯಬಾರದು. ಸಂಪ್ರದಾಯಸ್ಥ ಜೈನ ಮನೆತನದ ಹೆಣ್ಣುಮಗಳು. ಹುಡುಗರ ಊಟಕ್ಕೆ ಧಾನ್ಯ ತೀರಿದಾಗಲೆಲ್ಲ ಒಂದೊಂದು ಆಭರಣ ಪೇಟೆಗೆ ಹೋಯಿತು. ಕೊನೆಗೆ ಮಂಗಳಸೂತ್ರವೂ ಹೋಯಿತು. ಬೇರೆ ಬೇರೆ ಜಾತಿಧರ್ಮದ ಮಕ್ಕಳು ಆ ತಾಯಿಯ ಕೈಯಿಂದ ಉಂಡರು. 1930ರಲ್ಲಿ ಅವರು ತೀರಿಕೊಂಡಾಗ ಅಳುವುದಕ್ಕೆ ಹೆತ್ತ ಮಕ್ಕಳಷ್ಟೇ ಇರಲಿಲ್ಲ, ಒಂದು ಬೋರ್ಡಿಂಗೇ ಇತ್ತು.

ಈ ಬೋರ್ಡಿಂಗಿನ ಪಾಠವು ಕಾಲೇಜಿಗೂ ಏರಿತು. 1947ರಲ್ಲಿ ಸಾತಾರೆಯಲ್ಲಿ ಛತ್ರಪತಿ ಶಿವಾಜಿ ಕಾಲೇಜು ಹುಟ್ಟಿತು. ದುಡಿ ಮತ್ತು ಕಲಿ ಎಂಬುದು ಅದರ ಸೂತ್ರ. ಶುಲ್ಕ ಕೊಡಲಾರದ ಹುಡುಗ ಬೆವರು ಕೊಡಬಹುದಾಗಿತ್ತು. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಕೈ ಕೆಸರು ಮಾಡಿಕೊಂಡವನೇ ತರಗತಿಯಲ್ಲಿ ಕುಳಿತು ಅರ್ಥಶಾಸ್ತ್ರ ಓದಿದ. ದಾನವನ್ನು ಪಡೆದೆನೆಂಬ ಕುಗ್ಗು ಅವನಿಗಿರಲಿಲ್ಲ. ದಾನ ಮಾಡಿದೆನೆಂಬ ಹಿಗ್ಗು ಇನ್ನೊಬ್ಬನಿಗೂ ಇರಲಿಲ್ಲ. ಕರ್ಮವೀರರೆಂದು ಜನ ಕರೆದ ಭಾವುರಾವರು 1959ರಲ್ಲಿ ಕಾಲವಾದರು.

ನಾಯಕನು ಕೊನೆಯ ಪಂಕ್ತಿಯವನು

ಒಂದೇ ಪಂಕ್ತಿಯಲ್ಲಿ ಉಂಡರೆ ನಾಯಕತ್ವ ಹೇಗೆ ಬರುತ್ತದೆ ಎಂದು ಕೆಲವರು ಕೇಳಬಹುದು. ವಿದ್ಯಾರ್ಥಿಗಳೇ ನಡೆಸುವ ಒಂದು ಮೆಸ್ಸನ್ನು ಕಣ್ಣ ಮುಂದೆ ತಂದುಕೊಳ್ಳಿ. ಐವತ್ತು ಹುಡುಗರಿದ್ದಾರೆ. ಅವರಲ್ಲಿ ಜೈನನಿಗೆ ಹೊತ್ತು ಮುಳುಗುವ ಮೊದಲೇ ಊಟವಾಗಬೇಕು. ಗಡ್ಡೆಗೆಣಸು, ಈರುಳ್ಳಿ ಬೇಡ. ವೈಷ್ಣವನಿಗೆ ಏಕಾದಶಿಯ ಉಪವಾಸ. ರಂಜಾನ್ ತಿಂಗಳಲ್ಲಿ ಮುಸಲ್ಮಾನ ಹುಡುಗನಿಗೆ ಬೆಳಗಿನ ಜಾವ ಸಹರಿ, ಸಂಜೆ ಹೊತ್ತು ಮುಳುಗಿದ ಮೇಲೆಯೇ ಮೊದಲ ತುತ್ತು. ಕ್ರೈಸ್ತ ಹುಡುಗನಿಗೆ ಶುಭ ಶುಕ್ರವಾರದ ವ್ರತ. ಬೌದ್ಧ ಹುಡುಗನಿಗೆ ಹುಣ್ಣಿಮೆಯ ಉಪೋಸಥ. ಇವರೆಲ್ಲರ ನಡುವೆ ಯಾವ ವ್ರತವೂ ಇಲ್ಲದೆ ಯಾವಾಗಲೂ ಹಸಿದಿರುವವನೊಬ್ಬ!

ಇವರಿಗೆ ಐದು ಅಡಿಗೆಮನೆ ಕಟ್ಟುವುದು ಸುಲಭದ ದಾರಿ. ಎಲ್ಲರೂ ಉಣ್ಣುವ ಅಡಿಗೆ ಒಂದನ್ನು ಮಾಡಿ, ಒಬ್ಬೊಬ್ಬರ ನೇಮಕ್ಕೆ ಬೇಕಾದುದನ್ನು ಪಕ್ಕದಲ್ಲಿಟ್ಟು, ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂಡಿಸುವುದು ಕಷ್ಟದ ದಾರಿ. ಈ ಕಷ್ಟದ ದಾರಿಯಲ್ಲಿ ನಡೆಯುವವನೇ ಮೆಸ್ಸಿನ ಸೆಕ್ರೆಟರಿ. ಯಾರಿಗೆ ಏನು ಸಲ್ಲದು ಎಂದು ಅವನು ಕೇಳಿ ತಿಳಿಯಬೇಕು, ಊಹಿಸಬಾರದು. ಜಾವದಲ್ಲಿ ಎದ್ದು ಸಹರಿಗೆ ಒಲೆ ಹೊತ್ತಿಸುವ ಪಾಳಿಯನ್ನು ಮುಸಲ್ಮಾನ ಹುಡುಗರ ಮೇಲಷ್ಟೇ ಹೊರಿಸದೆ ಎಲ್ಲರಿಗೂ ಹಂಚಬೇಕು. ಧರ್ಮಸಹಿಷ್ಣುತೆ ಎಂಬ ದೊಡ್ಡ ಮಾತು ಇಲ್ಲಿ ಗಡಿಯಾರದ ಮುಳ್ಳಿಗೂ ಎಣ್ಣೆಯ ಡಬ್ಬಿಗೂ ಇಳಿದುಬರುತ್ತದೆ.

ಇಂಥ ಸೆಕ್ರೆಟರಿ ಮೂರು ನಿಯಮಗಳನ್ನು ಪಾಲಿಸಿದರೆ ಸಾಕು. ಮೊದಲನೆಯದು, ಅವನು ಕೊನೆಯ ಪಂಕ್ತಿಯಲ್ಲಿ ಉಣ್ಣಬೇಕು. ಸಾರು ಕಡಿಮೆಯಾದರೆ ಅವನಿಗೇ ಕಡಿಮೆಯಾಗಬೇಕು. ಎರಡನೆಯದು, ಲೆಕ್ಕದ ಪುಸ್ತಕ ಗೋಡೆಯ ಮೊಳೆಗೆ ತೂಗುತ್ತಿರಬೇಕು. ಯಾರು ಬೇಕಾದರೂ ತೆಗೆದು ನೋಡುವಂತಿರಬೇಕು. ಮೂರನೆಯದು, ಎಂಜಲು ಬಳಿಯುವ ಪಾಳಿಯಲ್ಲಿ ಅವನ ಹೆಸರೂ ಇರಬೇಕು. ಕಚೇರಿಯಲ್ಲಿ ಮೇಲಧಿಕಾರಿಗಳ ಕೆಳಗೆ ದುಡಿದ ನಮ್ಮ ವಾಚಕರಿಗೆ ಈ ಮೂರರ ಬೆಲೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ಇವನ್ನು ಇಪ್ಪತ್ತನೆಯ ವಯಸ್ಸಿನಲ್ಲಿ ಕಲಿತವನು ನಲವತ್ತರಲ್ಲಿ ಅಧಿಕಾರಿಯಾದರೆ, ಅವನ ಕೆಳಗಿನವರಿಗೆ ನೆಮ್ಮದಿ.

ಸೇವಾಗ್ರಾಮದ ವೈದ್ಯ ವಿದ್ಯಾರ್ಥಿಗಳು

ಇನ್ನು ನಮ್ಮ ಹತ್ತಿರದ ಉದಾಹರಣೆಗೆ ಬರೋಣ. ನಾಗಪುರದಿಂದ ಸುಮಾರು 75 ಕಿಲೋಮೀಟರು ದೂರದಲ್ಲಿ, ವರ್ಧಾದ ಮಗ್ಗುಲಲ್ಲಿ ಸೇವಾಗ್ರಾಮವಿದೆ. ಗಾಂಧೀಜಿಯವರು 1936ರಲ್ಲಿ ಅಲ್ಲಿ ಬಂದು ನೆಲೆಸಿದರು. ಕುಷ್ಠರೋಗ ಹಿಡಿದ ಸಂಸ್ಕೃತ ಪಂಡಿತ ಪರಚುರೆ ಶಾಸ್ತ್ರಿಗಳು ಆಶ್ರಮಕ್ಕೆ ಬಂದಾಗ, ಅವರಿಗೆ ತಮ್ಮ ಕುಟೀರದ ಸಮೀಪದಲ್ಲೇ ಗುಡಿಸಲು ಕೊಟ್ಟು, ಗಾಯಗಳನ್ನು ತಾವೇ ತೊಳೆದರು. ರೋಗವು ಅಂಟೀತೆಂದು ಲೋಕವೆಲ್ಲ ಹೆದರುತ್ತಿದ್ದ ಕಾಲವದು.

ಗಾಂಧೀಜಿಯವರ ವೈದ್ಯೆಯಾಗಿದ್ದ ಸುಶೀಲಾ ನಯ್ಯರ್ ಅವರು 1969ರಲ್ಲಿ ಅಲ್ಲಿಯೇ ವೈದ್ಯಕೀಯ ಕಾಲೇಜನ್ನು ತೆರೆದರು. ಅಲ್ಲಿಯ ಪದ್ಧತಿ ತಿಳಿಯತಕ್ಕದ್ದು. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಮೊದಲು ಕೆಲವು ದಿನ ಗಾಂಧಿ ಆಶ್ರಮದಲ್ಲಿ ವಾಸಮಾಡಿ, ಸರ್ವಧರ್ಮ ಪ್ರಾರ್ಥನೆ, ಶ್ರಮದಾನಗಳಲ್ಲಿ ಸೇರುತ್ತಾರೆ. ಆಮೇಲೆ ಪ್ರತಿಯೊಂದು ತಂಡವೂ ಒಂದು ಹಳ್ಳಿಯನ್ನು ತನ್ನದಾಗಿ ಮಾಡಿಕೊಂಡು, ಸುಮಾರು ಎರಡು ವಾರ ಅಲ್ಲಿಯೇ ಬಿಡಾರ ಹೂಡುತ್ತದೆ. ಒಬ್ಬೊಬ್ಬ ವಿದ್ಯಾರ್ಥಿಗೆ ಕೆಲವು ಮನೆಗಳು. ಆ ಮನೆಯ ಮಕ್ಕಳ ತೂಕ, ಕುಡಿಯುವ ನೀರು, ಗರ್ಭಿಣಿಯ ಆಹಾರ, ಮುದುಕರ ಕಾಯಿಲೆ ಎಲ್ಲವನ್ನೂ ಅವನು ವಿಚಾರಿಸುತ್ತಾನೆ. ಶಿಬಿರ ಮುಗಿದ ಮೇಲೂ ವರ್ಷಗಟ್ಟಲೆ ಆ ಮನೆಗಳಿಗೆ ಹೋಗಿಬರುತ್ತಾನೆ.

ವಿದ್ಯಾರ್ಥಿಗಳು ದೇಶದ ನಾನಾ ರಾಜ್ಯಗಳಿಂದ ಬಂದವರು. ಅನೇಕರಿಗೆ ಮರಾಠಿ ಬಾರದು. ಹಳ್ಳಿಯ ಅಜ್ಜಿಯೊಬ್ಬಳು ಹೊಟ್ಟೆನೋವನ್ನು ಮರಾಠಿಯಲ್ಲಿ ಹೇಳಿದರೆ, ಪರೀಕ್ಷೆಯಲ್ಲಿ ಮೊದಲ ಶ್ರೇಣಿ ಪಡೆದವನೂ ಮಾತು ತಿಳಿಯದ ಮಗುವಿನಂತೆ ನಿಲ್ಲಬೇಕು. ಬೇರೆ ಭಾಷೆಯ ಊರಿಗೆ ಬಂದು ಮೊದಲ ದಿನ ಅಂಗಡಿಯಲ್ಲಿ ಉಪ್ಪು ಕೇಳಲು ತೊದಲಿದವರು ನಾವೆಲ್ಲ. ಆ ವಿದ್ಯಾರ್ಥಿಯ ಸ್ಥಿತಿ ನಮಗೆ ಚೆನ್ನಾಗಿ ಗೊತ್ತು. ಅಂಥ ಹೊತ್ತಿನಲ್ಲಿ ಆ ಅಜ್ಜಿ ಒಂದು ಲೋಟ ನೀರು ಕೊಟ್ಟು, ಕೈಸನ್ನೆಯಿಂದ ಮಾತು ಕಲಿಸುತ್ತಾಳೆ. ಸೇವೆ ಮಾಡಲು ಹೋದವನು ಅತಿಥಿಯಾಗುತ್ತಾನೆ. ಆಗಲೇ ಅವನೊಳಗಿನ ವೈದ್ಯನು ಹುಟ್ಟುವುದು ಎಂದು ನಮ್ಮ ನಂಬಿಕೆ.

ಆನಂದವನದ ತರಕಾರಿ

ಆತಿಥ್ಯದ ಈ ಮರೆತ ಅರ್ಧವು ಎಷ್ಟು ಬಲವುಳ್ಳದ್ದೆಂದು ತಿಳಿಯಬೇಕಾದರೆ ನಾಗಪುರದಿಂದ ಇನ್ನೊಂದು ದಿಕ್ಕಿಗೆ, ಚಂದ್ರಪುರ ಜಿಲ್ಲೆಯ ವರೋರಾಕ್ಕೆ ಹೋಗಬೇಕು. ನಾಗಪುರದಲ್ಲಿ ಓದಿ ವಕೀಲರಾಗಿದ್ದ ಬಾಬಾ ಆಮಟೆಯವರು (1914–2008) ಪತ್ನಿ ಸಾಧನಾತಾಯಿಯವರೊಡನೆ ಅಲ್ಲಿಯ ಕಲ್ಲುನೆಲದಲ್ಲಿ, ಬೆರಳೆಣಿಕೆಯ ಕುಷ್ಠರೋಗಿಗಳನ್ನು ಕಟ್ಟಿಕೊಂಡು ಆನಂದವನವನ್ನು ಆರಂಭಿಸಿದರು. ಅವರ ಮಹಾರೋಗಿ ಸೇವಾ ಸಮಿತಿ ಹುಟ್ಟಿದ್ದು 1949ರಲ್ಲಿ. ಬಾವಿ ತೋಡಿದರು, ನೆಲ ಹದಮಾಡಿದರು, ತರಕಾರಿ ಬೆಳೆದರು. ಆದರೆ ರೋಗಿಗಳ ಕೈಯ ತರಕಾರಿಯನ್ನು ಪೇಟೆಯಲ್ಲಿ ಕೊಳ್ಳುವವರೇ ಇರಲಿಲ್ಲ.

1950ರ ದಶಕದ ಮೊದಲ ಭಾಗದಲ್ಲಿ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸ್ವಯಂಸೇವಾ ಸಂಸ್ಥೆಯ ತರುಣರು ಹಲವು ದೇಶಗಳಿಂದ ಅಲ್ಲಿಗೆ ಬಂದರು. ಬೇರೆ ಬೇರೆ ಭಾಷೆ, ಬೇರೆ ಬೇರೆ ಮತ. ರೋಗಿಗಳ ಜೊತೆಗೇ ಇದ್ದು, ಆಸ್ಪತ್ರೆಯ ಕಟ್ಟಡಕ್ಕೆ ಕಲ್ಲು ಹೊತ್ತರು. ಅಲ್ಲಿ ಬೆಳೆದುದನ್ನೇ ಉಂಡರು. ವರೋರಾದ ಜನ ಇದನ್ನು ಕಂಡರು. ದೂರದೇಶದವರು ಉಂಡು ಆರೋಗ್ಯವಾಗಿದ್ದರೆ ನಾವೇಕೆ ಹೆದರಬೇಕೆಂಬ ವಿಚಾರ ಹುಟ್ಟಿತು. ಆನಂದವನದ ತರಕಾರಿ ಪೇಟೆಯಲ್ಲಿ ಮಾರಾಟವಾಗತೊಡಗಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಆ ತರುಣರು ಹೊತ್ತ ಕಲ್ಲನ್ನು ಕೂಲಿಯವರೂ ಹೊರಬಹುದಾಗಿತ್ತು. ಕೂಲಿಗೆ ದೊರಕದ ಕೆಲಸವೊಂದನ್ನು ಅವರು ಮಾಡಿದರು: ಕೈನೀಡಿ ತೆಗೆದುಕೊಂಡು ಉಂಡರು. ತಮ್ಮ ಕೈಯಿಂದ ಯಾರೂ ಏನನ್ನೂ ತೆಗೆದುಕೊಳ್ಳದ ಸ್ಥಿತಿಯಲ್ಲಿದ್ದ ಮನುಷ್ಯನಿಗೆ ಅತಿಥಿಯೊಬ್ಬ ಸಿಕ್ಕಿದರೆ ಅವನು ಮತ್ತೆ ಗೃಹಸ್ಥನಾಗುತ್ತಾನೆ. ಕೊಡುವುದರಿಂದ ಆಗದ ಉಪಕಾರ ಕೆಲವೊಮ್ಮೆ ತೆಗೆದುಕೊಳ್ಳುವುದರಿಂದ ಆಗುತ್ತದೆ.

1960ರ ದಶಕದ ಕೊನೆಯ ವರ್ಷಗಳಲ್ಲಿ ಆಮಟೆಯವರು ಚಂದ್ರಪುರ ಜಿಲ್ಲೆಯ ಸೋಮನಾಥದಲ್ಲಿ ತರುಣರಿಗಾಗಿ ಬೇಸಿಗೆಯ ಶ್ರಮಸಂಸ್ಕಾರ ಶಿಬಿರಗಳನ್ನು ಆರಂಭಿಸಿದರು. ಮೇ ತಿಂಗಳ ವಿದರ್ಭದ ಬಿಸಿಲು ಹೇಗಿರುತ್ತದೆಂದು ನಾವು ಬಲ್ಲೆವು. ಆ ಬಿಸಿಲಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಅಗೆದರು, ಸಂಜೆ ಕುಳಿತು ದೇಶದ ವಿಚಾರ ಮಾಡಿದರು. 1985ರ ಡಿಸೆಂಬರಿನಲ್ಲಿ ಆಮಟೆಯವರು ನೂರಕ್ಕೂ ಹೆಚ್ಚು ತರುಣ ತರುಣಿಯರೊಡನೆ ಕನ್ಯಾಕುಮಾರಿಯಿಂದ ಕಾಶ್ಮೀರದ ಕಡೆಗೆ ಭಾರತ ಜೋಡೋ ಯಾತ್ರೆ ಹೊರಟರು. ತರುಣರು ಸೈಕಲ್ ತುಳಿದರು.

ನನಗಲ್ಲ, ನಿನಗೆ

ಇಂಥ ಶಿಬಿರಗಳನ್ನು ದೇಶದ ಕಾಲೇಜುಗಳಲ್ಲೆಲ್ಲ ಹರಡಲು ಸರಕಾರವೂ ಮುಂದೆ ಬಂದಿತು. ಗಾಂಧಿ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳಿಂದ ಆರಂಭವಾಯಿತು. ಅದನ್ನು ಆರಂಭಿಸಿದ ಕೇಂದ್ರ ಶಿಕ್ಷಣ ಮಂತ್ರಿಗಳು ಡಾ. ವಿ. ಕೆ. ಆರ್. ವಿ. ರಾವ್, ಅವರು ಆಗ ಲೋಕಸಭೆಯಲ್ಲಿ ನಮ್ಮ ಬಳ್ಳಾರಿಯ ಪ್ರತಿನಿಧಿ. ನನಗಲ್ಲ, ನಿನಗೆ ಎಂಬುದು ಆ ಯೋಜನೆಯ ಧ್ಯೇಯವಾಕ್ಯ. ಕೋಣಾರ್ಕದ ಸೂರ್ಯರಥದ ಗಾಲಿ ಅದರ ಚಿಹ್ನೆ. ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಏಳು ದಿನದ ವಿಶೇಷ ಶಿಬಿರವೂ ಉಂಟು.

ಯೋಜನೆ ಒಳ್ಳೆಯದು. ಆದರೆ ಎಲ್ಲ ಶಿಬಿರಗಳೂ ಒಂದೇ ತೂಕದವಲ್ಲ. ಸಸಿ ನೆಟ್ಟು ಫೋಟೋ ತೆಗೆಸಿಕೊಂಡು, ತಾವು ತಂದ ಬುತ್ತಿಯನ್ನು ತಾವೇ ಉಂಡು ಹಿಂತಿರುಗುವ ಶಿಬಿರಗಳೂ ಇರುತ್ತವೆ. ಮುಂದಿನ ಬೇಸಿಗೆಗೆ ಸಸಿಯೂ ಇರುವುದಿಲ್ಲ, ಸ್ನೇಹವೂ ಇರುವುದಿಲ್ಲ. ಶಿಬಿರದ ಸತ್ವವನ್ನು ಅಳೆಯಲು ಎರಡು ಪ್ರಶ್ನೆ ಸಾಕು: ಆ ಹಳ್ಳಿಯ ಎಷ್ಟು ಜನರ ಹೆಸರು ನಿನಗೆ ಗೊತ್ತು? ಎಷ್ಟು ಮನೆಗಳಲ್ಲಿ ನೀನು ನೀರು ಕುಡಿದೆ? ಎಲ್ಲ ಕೇರಿಗಳಲ್ಲೂ ಕುಡಿದೆಯಾ, ಒಂದೇ ಕೇರಿಯಲ್ಲೋ? ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬಹುದು.

ನಮ್ಮ ನಾಡಿನ ದಾಸೋಹ

ಇದೇ ಪಾಠವನ್ನು ತಾಯ್ನಾಡಿನಲ್ಲಿ ಬಹು ದೊಡ್ಡದಾಗಿ ನಡೆಸಿದ ಸ್ಥಳ ತುಮಕೂರಿನ ಸಿದ್ಧಗಂಗಾ ಮಠ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ತರುಣನೊಬ್ಬ 1930ರಲ್ಲಿ ಸಂನ್ಯಾಸ ಸ್ವೀಕರಿಸಿ ಶಿವಕುಮಾರ ಸ್ವಾಮಿಗಳಾದರು. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ಅವರು 2019ರ ಜನವರಿ 21ರವರೆಗೆ, ತಮ್ಮ 111 ವರ್ಷಗಳ ಬಾಳು ಮುಗಿಯುವ ತನಕ ನಡೆಸಿದರು. ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅಲ್ಲಿ ಊಟ, ವಸತಿ, ವಿದ್ಯೆ. ಹಬ್ಬಕ್ಕೆ ಬಂದ ಭಕ್ತನಿಗೂ ಓದುವ ಹುಡುಗನಿಗೂ ಅನ್ನ ಒಂದೇ. ಮಠದ ಉಗ್ರಾಣಕ್ಕೆ ರೈತರು ತಂದು ಸುರಿಯುವ ರಾಗಿ, ಅಕ್ಕಿ, ತೆಂಗಿನಕಾಯಿಗಳ ಮೇಲೆ ಕೊಟ್ಟವರ ಧರ್ಮ ಬರೆದಿರುವುದಿಲ್ಲ. ನಮ್ಮ ವಾಚಕರಲ್ಲಿಯೂ ಅಂಥ ಉಚಿತ ಪ್ರಸಾದ ನಿಲಯಗಳ ಅನ್ನ ಉಂಡು ಬೆಳೆದವರು ಇರಬಹುದು. ಆ ಅನ್ನದ ಋಣವನ್ನು ತೀರಿಸಲು ತುಮಕೂರಿಗೇ ಹೋಗಬೇಕೆಂದಿಲ್ಲ, ನಾಗಪುರದಲ್ಲಿಯೂ ತೀರಿಸಬಹುದು.

ನಾಗಪುರದಲ್ಲಿ ನಮ್ಮ ಪಾಲು

ಈ ಊರಿಗೆ ಆತಿಥ್ಯ ಹೊಸದಲ್ಲ. ಸೂಫಿ ಸಂತ ತಾಜುದ್ದೀನ್ ಬಾಬಾ ಅವರನ್ನು (1861–1925) ಹುಚ್ಚರೆಂದು ಆಸ್ಪತ್ರೆಯಲ್ಲಿ ಇಟ್ಟಿದ್ದಾಗ, ಹಿಂದೂ ರಾಜಮನೆತನದ ರಘೂಜಿರಾವ್ ಭೋಸಲೆಯವರು ಜಾಮೀನು ನಿಂತು ಬಿಡಿಸಿ, ತಮ್ಮ ಶಕ್ಕರದರಾ ಅರಮನೆಯಲ್ಲಿ ಇರಿಸಿಕೊಂಡರು. ತಾಜಬಾಗಿನ ದರ್ಗಾದಲ್ಲಿ ಇಂದಿಗೂ ಎಲ್ಲ ಮತದವರು ತಲೆಬಾಗುತ್ತಾರೆ. 1956ರ ಅಕ್ಟೋಬರ್ 14ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧ ಧರ್ಮವನ್ನು ಸ್ವೀಕರಿಸಿದ್ದು ಇಲ್ಲಿಯ ದೀಕ್ಷಾಭೂಮಿಯಲ್ಲಿ. ಪ್ರತಿ ವರ್ಷ ವಿಜಯದಶಮಿಯ ಹೊತ್ತಿಗೆ ಕರ್ನಾಟಕವೂ ಸೇರಿ ನಾನಾ ರಾಜ್ಯಗಳಿಂದ ಜನ ಬಂದು ಸೇರುತ್ತಾರೆ. ರಸ್ತೆಯ ಇಕ್ಕೆಲಗಳಲ್ಲಿ ಸಂಘಸಂಸ್ಥೆಗಳು, ಮನೆಯವರು, ವಿದ್ಯಾರ್ಥಿಗಳು ನೀರು, ಊಟ ಹಂಚುತ್ತಾರೆ. ಬಂದವರಲ್ಲಿ ಕಲಬುರಗಿ, ಬೀದರಿನ ಮುದುಕರೂ ಇರುತ್ತಾರೆ. ಅವರಿಗೆ ಕನ್ನಡದಲ್ಲಿ ದಾರಿ ಹೇಳಬಲ್ಲ ಒಬ್ಬ ವಿದ್ಯಾರ್ಥಿ ಅಲ್ಲಿ ನಿಂತರೆ ಅದು ಎಷ್ಟು ದೊಡ್ಡ ಸೇವೆ!

ನಮ್ಮ ದಿನದ ಬಾಳಿನ ಇನ್ನೊಂದು ಮುಖವನ್ನೂ ಮರೆಮಾಚುವಂತಿಲ್ಲ. ಬಾಡಿಗೆಯ ಕೋಣೆ ಹುಡುಕಲು ಹೋದಾಗ ಹೆಸರಿನ ಹಿಂದೆಯೇ ಜಾತಿ ಯಾವುದು, ಏನು ತಿನ್ನುತ್ತೀರಿ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ಯಾರ ಎದೆಗೆ ಹೇಗೆ ಚುಚ್ಚುತ್ತದೆಂದು ಕೇಳಿಸಿಕೊಂಡವರೇ ಬಲ್ಲರು. ಪರವೂರಿನಲ್ಲಿ ನಾವು ಈ ಪ್ರಶ್ನೆಯಿಂದ ನೊಂದಿದ್ದರೆ, ನಮ್ಮ ಬಾಗಿಲಿಗೆ ಬಂದವನಿಗೆ ಅದನ್ನೇ ಕೇಳಬಾರದಷ್ಟೆ. ಊರಿನಿಂದ ಇಲ್ಲಿಗೆ ಓದಲು ಬರುವ ಹುಡುಗನು ಊಟದ ಖರ್ಚಿಗೆ ಸಾಲದೆ, ಮಾತನಾಡುವವರಿಲ್ಲದೆ, ಮೊದಲ ವರ್ಷದಲ್ಲೇ ಪೆಟ್ಟಿಗೆ ಕಟ್ಟಿಕೊಂಡು ಹೋದರೆ ಅದು ಅವನೊಬ್ಬನ ನಷ್ಟವಲ್ಲ. ಅವನ ಮನೆಯಲ್ಲಿ ಕಾಲೇಜು ಕಂಡ ಮೊದಲಿಗ ಅವನೇ ಆಗಿರಬಹುದು.

ಆದ್ದರಿಂದ ನಮ್ಮ ಕೈಲಾದ ಮೂರು ಕೆಲಸಗಳನ್ನು ಸೂಚಿಸುತ್ತೇವೆ.

ಮೊದಲನೆಯದು ಆತಿಥ್ಯ. ಒಂದು ಮನೆ ತಿಂಗಳಿಗೊಮ್ಮೆ ಒಬ್ಬ ವಿದ್ಯಾರ್ಥಿಯನ್ನು ಊಟಕ್ಕೆ ಕರೆಯಲಿ. ಹಳೆಯ ವಾರಾನ್ನದ ಗುಣ ಉಳಿಯಲಿ, ದೋಷ ಹೋಗಲಿ. ಅವನ ಜಾತಿಮತ ನಮ್ಮದಾಗಿರಬೇಕೆಂಬುದಿಲ್ಲ, ಭಾಷೆಯೂ ನಮ್ಮದೇ ಆಗಿರಬೇಕೆಂಬುದಿಲ್ಲ. ಏನು ಉಣ್ಣುವುದಿಲ್ಲ ಎಂದು ಮೊದಲೇ ಕೇಳಿದರೆ ಸಂಕೋಚ ಇಬ್ಬರಿಗೂ ತಪ್ಪುತ್ತದೆ. ಪಕ್ವಾನ್ನ ಬೇಡ, ರೊಟ್ಟಿ, ಝುಣಕ, ಒಂದು ಪಲ್ಯ ಸಾಕು. ವಿದರ್ಭದ ಝುಣಕಾ ಭಾಕರಿಯೂ ನಮ್ಮ ಉತ್ತರ ಕರ್ನಾಟಕದ ಜೋಳದ ರೊಟ್ಟಿಯೂ ಅಕ್ಕತಂಗಿಯರೇ ಅಲ್ಲವೆ? ಹಾಗೆಯೇ ಆ ಹುಡುಗ ತನ್ನ ಹಬ್ಬಕ್ಕೆ ನಮ್ಮನ್ನು ಕರೆದರೆ ನೆವ ಹೇಳದೆ ಹೋಗಬೇಕು, ಕುಳಿತು ಉಣ್ಣಬೇಕು. ಇದು ಬಿಟ್ಟುಹೋದರೆ ಪಾಠದ ಅರ್ಧವೇ ಬಿಟ್ಟುಹೋದಂತೆ.

ಎರಡನೆಯದು ಸೇವೆ. ವಾಚನಾಲಯದಲ್ಲಿ ಭಾನುವಾರ ಒಂದು ಗಂಟೆ ವಿದ್ಯಾರ್ಥಿಯೊಬ್ಬ ಕುಳಿತು, ಬ್ಯಾಂಕಿನ ಚೀಟಿ, ಭವಿಷ್ಯನಿಧಿಯ ಅರ್ಜಿ, ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಬಂದ ಇ-ಶ್ರಮ್ ನೋಂದಣಿ ಇವುಗಳನ್ನು ತುಂಬಿಕೊಡಲಿ. ಕಟ್ಟಡದ ಕೆಲಸಕ್ಕೆ ಬಂದ ನಮ್ಮವರಿಗೆ ಇದರಿಂದ ಅರ್ಧ ದಿನದ ಕೂಲಿ ಉಳಿಯುತ್ತದೆ. ಆ ಕೂಲಿಕಾರನು ಚಹ ತರಿಸಿದರೆ ವಿದ್ಯಾರ್ಥಿಯು ಬೇಡವೆನ್ನದೆ ಕುಡಿಯಲಿ. ಆ ಚಹವು ಕೂಲಿಕಾರನ ಮರ್ಯಾದೆ.

ಮೂರನೆಯದು ನಾಯಕತ್ವ. ಸಂಘದ ಉತ್ಸವದ ಊಟದ ವ್ಯವಸ್ಥೆಯನ್ನು ಒಂದು ವರ್ಷ ವಿದ್ಯಾರ್ಥಿಗಳಿಗೇ ಒಪ್ಪಿಸೋಣ. ಸಾಮಾನು ತರುವುದು, ಪಾಳಿ ಹಂಚುವುದು, ಲೆಕ್ಕ ಇಡುವುದು ಅವರ ಕೆಲಸ. ಸಾರಿಗೆ ಉಪ್ಪು ಹೆಚ್ಚಾದರೆ ಹಿರಿಯರಾದ ನಾವು ಒಂದು ದಿನ ಸಹಿಸಿಕೊಂಡರಾಯಿತು. ವೇದಿಕೆಯ ಮೇಲೆ ನಿಲ್ಲಿಸಿ ಮಾಡಿಸುವ ಭಾಷಣಕ್ಕಿಂತ ಇದು ಹೆಚ್ಚು ಕಲಿಸುತ್ತದೆ.

ವಿಚಾರಕ್ಕೆ ಕೆಲವು ಪ್ರಶ್ನೆಗಳು

ಈ ಪಾಠವನ್ನು ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ, ಈ ಕೆಳಗಿನ ಪ್ರಶ್ನೆಗಳನ್ನು ಚರ್ಚಿಸಬಹುದು.

1. ವಾರಾನ್ನದಲ್ಲಿ ಉಂಡು ಓದಿದವರು ನಿಮ್ಮ ಮನೆತನದಲ್ಲಿ ಇದ್ದರೆ? ಅವರಿಗೆ ಉಣಿಸಿದ ಮನೆಗಳ ಹೆಸರು ಯಾರಿಗಾದರೂ ನೆನಪಿದೆಯೆ?

2. ಜಾತಿಗೊಂದು ವಿದ್ಯಾರ್ಥಿನಿಲಯ ಕಟ್ಟಿದುದರಿಂದ ಆದ ಉಪಕಾರವೇನು? ಸಾತಾರೆಯ ಒಂದೇ ಪಂಕ್ತಿ ಅದಕ್ಕೆ ಏನನ್ನು ಸೇರಿಸಿತು?

3. ಆನಂದವನದಲ್ಲಿ ಹೊರದೇಶದ ತರುಣರು ತಮ್ಮ ಊಟವನ್ನು ತಾವೇ ತಂದುಕೊಂಡು ಕಲ್ಲು ಹೊತ್ತಿದ್ದರೆ ವರೋರಾದ ಪೇಟೆಯಲ್ಲಿ ಏನು ವ್ಯತ್ಯಾಸವಾಗುತ್ತಿತ್ತು?

4. ನೀವು ದುಡಿಯುವ ಸ್ಥಳದಲ್ಲಿ ಕೊನೆಯ ಪಂಕ್ತಿಯಲ್ಲಿ ಉಣ್ಣುವ ಮೇಲಧಿಕಾರಿಯನ್ನು ಕಂಡಿದ್ದೀರಾ? ಅವರ ಕೆಳಗೆ ಕೆಲಸ ಹೇಗೆ ನಡೆಯಿತು?

5. ಕಳೆದ ಒಂದು ವರ್ಷದಲ್ಲಿ ಬೇರೆ ಧರ್ಮದವರ ಮನೆಯಲ್ಲಿ ಎಷ್ಟು ಸಲ ಉಂಡಿರಿ? ಈ ತಿಂಗಳು ಯಾರನ್ನು ಊಟಕ್ಕೆ ಕರೆಯುತ್ತೀರಿ?

ಕೊನೆಯ ಪ್ರಶ್ನೆಗೆ ಉತ್ತರವನ್ನು ಬಾಯಲ್ಲಿ ಹೇಳಬೇಕಾಗಿಲ್ಲ. ಮನೆಗೆ ಹೋಗಿ, ಒಂದು ತಟ್ಟೆ ಹೆಚ್ಚಿಗೆ ಇಡುವ ದಿನವನ್ನು ಪಂಚಾಂಗದಲ್ಲಿ ಗುರುತು ಮಾಡಿದರೆ ಸಾಕು.